ಮೊಬೈಲ್ ಕಿತ್ತುಕೊಂಡರೆ ಮಕ್ಕಳು ಓದುತ್ತಾರಾ? ಪಾಸ್ ಅಂಕ ಇಳಿಸಿದರೆ ಭಯ ಹೋಗುತ್ತಾ?

ಎರಡು ಸುದ್ದಿಗಳು ಪೋಷಕರ ತಲೆ ಕೆಡಿಸಿವೆ. ಒಂದು ಆಸ್ಟ್ರೇಲಿಯಾದ್ದು. 2025ರ ಡಿಸೆಂಬರ್ 10ರಿಂದ ಅಲ್ಲಿ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್‌ನಂಥ ಕಡೆ ಖಾತೆ ಇಟ್ಟುಕೊಳ್ಳುವಂತಿಲ್ಲ. ನಮ್ಮಲ್ಲೂ ಅಂಥದ್ದೇ ಕಾನೂನು ಬೇಕು ಎಂಬ ಕೂಗು ಆಗಿನಿಂದ ಜೋರಾಗಿದೆ. ಇನ್ನೊಂದು ಸುದ್ದಿ ನಮ್ಮ ರಾಜ್ಯದ್ದೇ. 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಪಾಸಾಗಲು 35ರ ಬದಲು ಒಟ್ಟು 33 ಪರ್ಸೆಂಟ್ ಸಾಕು, ಒಂದೊಂದು ವಿಷಯದಲ್ಲಿ 30 ಬಂದರೂ ನಡೆಯುತ್ತದೆ ಎಂದರು.

ಒಂದು ಕಡೆ ಬಿಗಿ ಮಾಡಿ ಅನ್ನುತ್ತಾರೆ, ಇನ್ನೊಂದು ಕಡೆ ಸಡಿಲ ಬಿಡಿ ಅನ್ನುತ್ತಾರೆ. ಎರಡನ್ನೂ ಸಮರ್ಥಿಸುವವರ ಬಾಯಲ್ಲಿ ಬರುವ ಮಾತು ಮಾತ್ರ ಒಂದೇ: ಮಕ್ಕಳ ಮನಸ್ಸಿಗಾಗಿ. ಹಾಗಾದರೆ ಮಕ್ಕಳ ಓದು ಕೆಡುತ್ತಿರುವುದು ಗಮನ ಚೆದುರಿದ್ದಕ್ಕಾ, ಭಯ ಜಾಸ್ತಿ ಆಗಿದ್ದಕ್ಕಾ? ಜನ ಗೊಂದಲಪಡುವುದು ಸಹಜ. ಆದರೆ ಈ ಎರಡು ತೊಂದರೆಗಳು ತಲೆಯೊಳಗೆ ಒಂದೇ ಜಾಗಕ್ಕೆ ಹೋಗಿ ಬಡಿಯುತ್ತವೆ. ಅದು ಅರ್ಥವಾದರೆ ಚರ್ಚೆಯಲ್ಲಿ ಬಿಟ್ಟುಹೋಗಿರುವ ಮೂರನೇ ವಿಷಯವೂ ಕಾಣುತ್ತದೆ.

ತಲೆಯೊಳಗಿನ ಚಿಕ್ಕ ಜಾಗ

47ನ್ನು 8ರಿಂದ ಬಾಯಲ್ಲೇ ಗುಣಿಸಿ ನೋಡಿ. 40 ಎಂಟ್ಲೆ 320. ಅದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ 7 ಎಂಟ್ಲೆ 56. ಈಗ ಎರಡನ್ನೂ ಕೂಡಬೇಕು. ಆ 320ನ್ನು ಒಂದು ಗಳಿಗೆ ಹಿಡಿದಿಟ್ಟುಕೊಂಡಿರಲ್ಲ, ಆ ಜಾಗಕ್ಕೆ ಮನಶ್ಶಾಸ್ತ್ರದವರು ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಅದು ತುಂಬಾ ಚಿಕ್ಕದು. 1956ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಅಲ್ಲಿ ಸುಮಾರು ಏಳು ಸಂಗತಿ ಹಿಡಿಸುತ್ತದೆ ಎಂದರು. 2001ರಲ್ಲಿ ನೆಲ್ಸನ್ ಕೋವನ್ ಲೆಕ್ಕವನ್ನು ಇನ್ನೂ ಇಳಿಸಿದರು, ಬರೀ ನಾಲ್ಕರ ಆಸುಪಾಸು.

ಅಡುಗೆ ಕಟ್ಟೆ ಚಿಕ್ಕದಿದ್ದರೆ ಹೊಸ ಪಾತ್ರೆ ಇಡೋಕೆ ಇರುವುದನ್ನು ಕೆಳಗಿಳಿಸಲೇಬೇಕು, ಹಾಗೆ. ಮೇಷ್ಟ್ರು ಹೇಳಿದ ಹೊಸ ಪಾಠ ನೆನಪಾಗಿ ಉಳಿಯಬೇಕಾದರೆ ಮೊದಲು ಈ ಜಾಗಕ್ಕೆ ಬರಬೇಕು, ಹಳೆಯ ತಿಳುವಳಿಕೆಯ ಜೊತೆ ಬೆರೆಯಬೇಕು, ಆಮೇಲೆ ನಿದ್ದೆಯಲ್ಲಿ ಗಟ್ಟಿಯಾಗಬೇಕು. ಜಾಗ ಆಗಲೇ ತುಂಬಿದ್ದರೆ ಪಾಠ ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಆ ಜಾಗ ತುಂಬಿದ್ದು ಈಗಷ್ಟೇ ನೋಡಿದ ರೀಲ್ಸ್‌ನಿಂದಲೋ, ನಾಳಿನ ಪರೀಕ್ಷೆಯ ಹೆದರಿಕೆಯಿಂದಲೋ, ರಾತ್ರಿ ಮನೆಯಲ್ಲಿ ನಡೆದ ಜಗಳದಿಂದಲೋ ಅನ್ನುವುದು ಪಾಠದ ಮಟ್ಟಿಗೆ ದೊಡ್ಡ ವ್ಯತ್ಯಾಸವೇನೂ ಮಾಡುವುದಿಲ್ಲ. ಹೊರಗಿನಿಂದ ನೋಡುವವರಿಗೆ ಮಗು ಸುಮ್ನೆ ಕೂತಿರುತ್ತದೆ. "ಇವನಿಗೆ ಗಮನವೇ ಇಲ್ಲ" ಅಂತ ಬೈದು ಮುಗಿಸುತ್ತೇವೆ.

ಏಕಾಗ್ರತೆಯನ್ನು ಮಗುವಿನ ಗುಣ ಎಂದು ತಿಳಿದುಕೊಂಡದ್ದೇ ನಮ್ಮ ಮೊದಲ ತಪ್ಪು. ಒಳ್ಳೆಯ ಹುಡುಗನಿಗೆ ಇರುತ್ತದೆ, ಉಡಾಳನಿಗೆ ಇರುವುದಿಲ್ಲ ಅನ್ನುವ ಲೆಕ್ಕ ಅದು.

ಫೋನ್ ಬೇಡ ಅನ್ನುವವರ ಬಳಿ ಏನಿದೆ

ಈ ಕಡೆಯವರ ಬಳಿ ಇರುವ ಗಟ್ಟಿ ಸಾಕ್ಷಿ ಇಂಗ್ಲೆಂಡಿನದ್ದು. ಬರ್ಮಿಂಗ್‌ಹ್ಯಾಮ್, ಲಂಡನ್, ಲೆಸ್ಟರ್, ಮ್ಯಾಂಚೆಸ್ಟರ್ ಶಾಲೆಗಳು ಫೋನ್ ನಿಷೇಧಿಸಿದ ಮೇಲೆ ಏನಾಯಿತು ಎಂದು ಬೆಲಾಂಡ್ ಮತ್ತು ಮರ್ಫಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. 2016ರಲ್ಲಿ ಅಚ್ಚಾದ ಆ ಅಧ್ಯಯನದ ಪ್ರಕಾರ ಅಂಕಗಳು ಏರಿದವು. ಆದರೆ ಏರಿದ್ದು ಎಲ್ಲರದ್ದೂ ಅಲ್ಲ. ಹಿಂದುಳಿದಿದ್ದ ಮಕ್ಕಳಿಗೆ ಒಳ್ಳೆಯ ಲಾಭವಾಯಿತು, ಮೊದಲಿನಿಂದಲೂ ಚೆನ್ನಾಗಿ ಓದುತ್ತಿದ್ದವರಿಗೆ ಫೋನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫೋನ್ ಗಮನವನ್ನು ಹೇಗೆ ಕೆಡಿಸುತ್ತದೆ ಅನ್ನುವುದೂ ಸಾಕಷ್ಟು ತಿಳಿದಿದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಹಿಂದಿನದ್ದರ ಒಂದು ತುಣುಕು ತಲೆಯಲ್ಲಿ ಉಳಿದುಬಿಡುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಅಂದರೆ ಲೆಕ್ಕ ಮಾಡುವಾಗ ಒಂದು ಮೆಸೇಜ್ ನೋಡಿದರೆ ಹೋಗುವುದು ಆ ಹತ್ತು ಸೆಕೆಂಡ್ ಮಾತ್ರ ಅಲ್ಲ. ಲೆಕ್ಕಕ್ಕೆ ವಾಪಸ್ ಬಂದ ಮೇಲೂ ಸ್ವಲ್ಪ ಹೊತ್ತು ಅರ್ಧ ತಲೆ ಮೆಸೇಜ್‌ನಲ್ಲೇ ಇರುತ್ತದೆ.

ಇನ್ನು ನಮ್ಮ ದೇಶದ ಲೆಕ್ಕ. ಅಸರ್ ಎಂಬ ಶಿಕ್ಷಣ ಸಮೀಕ್ಷೆಯ 2024ರ ಗ್ರಾಮೀಣ ವರದಿಯಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 80ಕ್ಕಿಂತ ಜಾಸ್ತಿ ಮಂದಿ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದರು. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಇದು ಬೆಂಗಳೂರಿನ ಅಪಾರ್ಟ್‌ಮೆಂಟ್ ಮಕ್ಕಳ ಕಥೆ ಅಲ್ಲ, ಹಳ್ಳಿಗಳದ್ದು. ನಿಮ್ಹಾನ್ಸ್‌ನಲ್ಲಿ ಫೋನ್ ಗೀಳಿಗೆಂದೇ 2014ರಲ್ಲಿ ಶಟ್ ಕ್ಲಿನಿಕ್ ತೆರೆದಾಗ ಜನ ನಕ್ಕಿದ್ದರು ಅನಿಸುತ್ತದೆ, ಈಗ ಯಾರೂ ನಗುವುದಿಲ್ಲ.

ಹಾಗಂತ ನಿಷೇಧ ಮಾಡಿದರೆ ಮುಗಿಯಿತಾ

ಇಲ್ಲೇ ತೊಡಕು. ಇಂಗ್ಲೆಂಡಿನ ಅದೇ ಲೆಕ್ಕವನ್ನು ಸ್ವೀಡನ್‌ನ ಶಾಲೆಗಳಲ್ಲಿ ಮಾಡಿ ನೋಡಿದಾಗ ಅಂಕಗಳಲ್ಲಿ ಏನೂ ಬದಲಾವಣೆ ಸಿಗಲಿಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 30 ಶಾಲೆಗಳ 1,200ಕ್ಕೂ ಹೆಚ್ಚು ಮಕ್ಕಳನ್ನು ಹೋಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಷ್ಟೇ. ಫೋನ್ ನಿಷೇಧ ಇದ್ದ ಶಾಲೆಯ ಮಕ್ಕಳ ಮನಸ್ಸಿನ ನೆಮ್ಮದಿ ಉಳಿದವರಿಗಿಂತ ಮೇಲಿರಲಿಲ್ಲ. ಫೋನ್ ಜಾಸ್ತಿ ನೋಡುವ ಮಕ್ಕಳ ನಿದ್ದೆ, ನೆಮ್ಮದಿ, ತರಗತಿಯ ನಡವಳಿಕೆ ಹದಗೆಟ್ಟಿರುವುದು ಅಲ್ಲೂ ಕಂಡಿತು. ಆದರೆ ಶಾಲೆಯಲ್ಲಿ ನಿಷೇಧ ಮಾಡಿದ ಮಾತ್ರಕ್ಕೆ ಅವರ ಒಟ್ಟು ಫೋನ್ ಸಮಯ ಇಳಿದಿರಲಿಲ್ಲ. ಶಾಲೆಯಲ್ಲಿ ಕಿತ್ತುಕೊಂಡಿದ್ದು ಮನೆಯಲ್ಲಿ ಸಿಗುತ್ತಿತ್ತು.

ಆಸ್ಟ್ರೇಲಿಯಾದ ಕಾನೂನನ್ನೂ ಸರಿಯಾಗಿ ಓದಬೇಕು. ಅದು ಮಕ್ಕಳ ಮೇಲೆ ದಂಡ ಹಾಕುವುದಿಲ್ಲ, ಕಂಪನಿಗಳ ಮೇಲೆ ಹಾಕುತ್ತದೆ, ಅದೂ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ವಾಟ್ಸ್ಆ್ಯಪ್ ಆ ಪಟ್ಟಿಯಲ್ಲಿ ಇಲ್ಲ. ಲಾಗಿನ್ ಆಗದೆ ಯೂಟ್ಯೂಬ್ ನೋಡಲು ಅಡ್ಡಿಯಿಲ್ಲ. ಹಾಗಾಗಿ "ಅಲ್ಲಿ ಮಕ್ಕಳ ಕೈಯಿಂದ ಫೋನ್ ಕಿತ್ತುಕೊಂಡರು" ಅಂತ ಹಂಚಿಕೊಳ್ಳುವುದು ತಪ್ಪು. ಇನ್ನು ನಮ್ಮಲ್ಲಿ ಫೋನ್ ಅಪ್ಪನದ್ದು, ಸಿಮ್ ಅಮ್ಮನ ಹೆಸರಲ್ಲಿ, ಖಾತೆ ಅಣ್ಣನದ್ದು, ನೋಡುವುದು ಮಾತ್ರ ತಂಗಿ. ಇಂಥ ಮನೆಗಳಲ್ಲಿ ವಯಸ್ಸು ಪತ್ತೆ ಮಾಡುವ ತಂತ್ರ ಯಾವುದೇ ಬರಲಿ, ಎಷ್ಟು ಕೆಲಸ ಮಾಡೀತು ಹೇಳಿ.

ನಿಷೇಧ ವ್ಯರ್ಥ ಎಂದು ಹೇಳುತ್ತಿಲ್ಲ. ತರಗತಿಯಲ್ಲಿ ಫೋನ್ ಬೇಡ ಅನ್ನುವುದಕ್ಕೆ ಎದುರು ವಾದವೇ ಬೇಡ. ಆದರೆ ಅದು ಮಾಡುವುದು ಜಾಗ ಖಾಲಿ ಮಾಡುವ ಕೆಲಸ ಅಷ್ಟೇ. ಖಾಲಿಯಾದ ಜಾಗದಲ್ಲಿ ಏನು ಬಂದು ಕೂರುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ.

ಭಯದ ಲೆಕ್ಕ

ಎರಡನೇ ಗುಂಪಿನವರು ಹೇಳುವುದು ಪರೀಕ್ಷೆಯ ಹೆದರಿಕೆಯೇ ಮಕ್ಕಳನ್ನು ಕೊಲ್ಲುತ್ತಿದೆ ಎಂದು. ಇದು ಬರೀ ಮಾತಿನ ಅಲಂಕಾರ ಅಲ್ಲ. ದೇಶದಲ್ಲಿ 2022ರ ಒಂದೇ ವರ್ಷ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಆಪ್ತ ಸಮಾಲೋಚಕರು ಇರಬೇಕು ಅನ್ನುವುದು ಅದರಲ್ಲೊಂದು. (ನಿಮ್ಮ ಮನೆಯ ಮಗು ಅಂಥ ಸಂಕಟದಲ್ಲಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.)

ಭಯ ಓದನ್ನು ಕೆಡಿಸುವ ದಾರಿಯೂ ಅದೇ ಚಿಕ್ಕ ಜಾಗದ ಮೂಲಕ ಹೋಗುತ್ತದೆ. ಗಣಿತದ ಭಯ ಇರುವವರು ಲೆಕ್ಕ ಮಾಡುವಾಗ ಅವರ ವರ್ಕಿಂಗ್ ಮೆಮೊರಿಯೇ ಕುಗ್ಗುತ್ತದೆ ಎಂದು ಮಾರ್ಕ್ ಆಶ್‌ಕ್ರಾಫ್ಟ್ 2001ರಲ್ಲಿ ತೋರಿಸಿದರು. "ತಪ್ಪಾದರೆ ಏನು ಗತಿ, ಅಪ್ಪ ಏನಂತಾರೆ, ಪಕ್ಕದವನು ಆಗಲೇ ಮುಗಿಸಿಬಿಟ್ಟ" ಇದೆಲ್ಲ ತಲೆಯಲ್ಲಿ ಓಡುತ್ತಿದ್ದರೆ 320ನ್ನು ಇಡೋಕೆ ಜಾಗ ಎಲ್ಲಿದೆ? ಗೊತ್ತಿದ್ದ ಲೆಕ್ಕವೂ ತಪ್ಪುವುದು ಹೀಗೆ. ತಪ್ಪಿದ್ದಕ್ಕೆ ಇನ್ನಷ್ಟು ಭಯ, ಭಯಕ್ಕೆ ಇನ್ನಷ್ಟು ತಪ್ಪು.

"ಸ್ವಲ್ಪ ಭಯ ಇರಬೇಕು ಸ್ವಾಮಿ, ಇಲ್ಲದಿದ್ದರೆ ಯಾರು ಓದುತ್ತಾರೆ" ಅನ್ನುವವರ ಮಾತಿನಲ್ಲೂ ಹುರುಳಿದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳಿಗೆ ಕರೆಂಟ್ ಶಾಕ್ ಕೊಟ್ಟು ಕಲಿಸಿದ ಹಳೆಯ ಪ್ರಯೋಗದಲ್ಲಿ, ಸುಲಭದ ಕೆಲಸವನ್ನು ಇಲಿಗಳು ಶಾಕ್ ಜಾಸ್ತಿಯಾದಷ್ಟೂ ಬೇಗ ಕಲಿತವು. ಕಷ್ಟದ ಕೆಲಸದಲ್ಲಿ ಮಾತ್ರ ಒಂದು ಹದ ದಾಟಿದ ಮೇಲೆ ಶಾಕ್ ಕಲಿಕೆಯನ್ನೇ ಹಿಂದಕ್ಕೆ ಎಳೆಯಿತು. ಮಕ್ಕಳು ಇಲಿಗಳಲ್ಲ, ಸರಿ. ಆದರೂ ಬೆತ್ತದ ಹೆದರಿಕೆಗೆ ಮಗ್ಗಿ ಬಾಯಿಪಾಠ ಆಗುತ್ತದೆ, ಬೀಜಗಣಿತ ಅರ್ಥವಾಗುವುದಿಲ್ಲ ಅನ್ನುವ ಅನುಭವ ನಮ್ಮ ಶಾಲೆಗಳಿಗೆ ಹೊಸದೇ?

ಮೂರು ಪರೀಕ್ಷೆ ಮತ್ತು 33

ಕರ್ನಾಟಕ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಕೊಡಲು ಶುರು ಮಾಡಿತು. ಚೆನ್ನಾಗಿ ಬಂದ ಅಂಕವನ್ನು ಇಟ್ಟುಕೊಳ್ಳಬಹುದು. ಮೇಲೆ ಹೇಳಿದ ಲೆಕ್ಕದಲ್ಲಿ ನೋಡಿದರೆ ಇದು ಸರಿಯಾದ ಹೆಜ್ಜೆ. "ಇದೊಂದೇ ಸಲ" ಅನ್ನುವ ಯೋಚನೆ ಹೋದರೆ ಪರೀಕ್ಷೆ ಬರೆಯುವಾಗ ತಲೆಯಲ್ಲಿ ಜಾಗ ಬಿಡುಗಡೆಯಾಗುತ್ತದೆ. ಬೇಸಿಗೆಯಲ್ಲೂ ವಿಶೇಷ ತರಗತಿ ಮಾಡಬೇಕಾಗಿ ಬಂದ ಶಿಕ್ಷಕರಿಗೆ ಸಿಟ್ಟು ಬಂದಿದ್ದೂ ನಿಜ.

33ರದ್ದು ಬೇರೆ ಕಥೆ. ಸರ್ಕಾರ ಕೊಟ್ಟ ಮುಖ್ಯ ಕಾರಣ ಸಿಬಿಎಸ್‌ಇ ಮತ್ತು ಬೇರೆ ರಾಜ್ಯಗಳಲ್ಲೂ ಹಾಗೇ ಇದೆ ಎಂಬುದು. ಭಯ ಕಡಿಮೆಯಾಗುತ್ತದೆ ಅನ್ನುವುದು ಪರ ಇರುವವರ ವಾದ. ಆದರೆ ಭಯ ಹುಟ್ಟುವುದು ಗೆರೆ 35ರಲ್ಲಿ ಇದೆಯೋ 33ರಲ್ಲಿ ಇದೆಯೋ ಎಂಬುದರಿಂದ ಅಲ್ಲ. ಪ್ರಶ್ನೆ ಪತ್ರಿಕೆ ಅರ್ಥವಾಗದೇ ಇರುವುದರಿಂದ. ಗೆರೆಯ ಹತ್ತಿರ ನಿಂತ ಕೆಲವರು ಈ ಕಡೆ ಬರುತ್ತಾರೆ, ಅದು ಅವರ ಬದುಕಿಗೆ ದೊಡ್ಡದೇ, ಒಪ್ಪೋಣ. ಕಲಿಕೆ ಮಾತ್ರ ಇದ್ದಲ್ಲೇ ಇರುತ್ತದೆ.

ಅಂಕಗಳ ಗೆರೆ ಎಷ್ಟು ಮೋಸ ಮಾಡಬಲ್ಲದು ಅನ್ನುವುದನ್ನು 2024ರಲ್ಲೇ ನೋಡಿದ್ದೇವೆ. ನಕಲು ತಡೆಯಲು ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವ್ಯವಸ್ಥೆ ತಂದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು 20 ಪರ್ಸೆಂಟ್‌ಗೆ ಏರಿಸಿದ ಮೇಲೆ! ಒಂದೇ ವರ್ಷದಲ್ಲಿ ಮಕ್ಕಳ ಏಕಾಗ್ರತೆ ಅಷ್ಟು ಕುಸಿಯಿತಾ? ಇಲ್ಲವಲ್ಲ. ಅಳೆಯುವ ರೀತಿ ಬದಲಾಯಿತು.

ಹೊಟ್ಟೆ, ಸಾಲ, ನಿದ್ದೆ

ಭಯವೂ ಫೋನೂ ಇಲ್ಲದೆ ಜಾಗ ತುಂಬಿರುವ ಮಕ್ಕಳಿದ್ದಾರೆ. ಇದಕ್ಕೆ ನಮ್ಮ ಪಕ್ಕದ ರಾಜ್ಯದ್ದೇ ಒಂದು ಅಧ್ಯಯನ ಇದೆ. 2013ರಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಗಮನ, ತರ್ಕದ ಪರೀಕ್ಷೆಗಳನ್ನು ಎರಡು ಸಲ ಕೊಟ್ಟರು. ಕಬ್ಬು ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ ಒಮ್ಮೆ. ಕಟಾವಾಗಿ ದುಡ್ಡು ಬಂದ ಮೇಲೆ ಇನ್ನೊಮ್ಮೆ. ಮಂಡ್ಯದವರಿಗೆ ಈ ಎರಡು ಕಾಲದ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಅದೇ ರೈತ, ಅದೇ ತಲೆ, ಆದರೆ ದುಡ್ಡಿಲ್ಲದಾಗ ಪರೀಕ್ಷೆಯಲ್ಲಿ ಹಿಂದೆ ಬಿದ್ದ. ಎರಡನೇ ಸಲಕ್ಕೆ ಅಭ್ಯಾಸವಾಗಿ ಚೆನ್ನಾಗಿ ಮಾಡಿರಬಹುದು ಎಂಬ ಟೀಕೆ ಬಂತು, ವಾದ ಇನ್ನೂ ಮುಗಿದಿಲ್ಲ. ಆದರೂ ಚಿಂತೆಯೂ ತಲೆಯಲ್ಲಿ ಜಾಗ ತಿನ್ನುತ್ತದೆ ಅನ್ನುವ ಮೂಲ ಮಾತನ್ನು ತಳ್ಳಿಹಾಕುವುದು ಕಷ್ಟ.

ದೊಡ್ಡವರಿಗೇ ಹೀಗಾದರೆ, ಬೆಳಗ್ಗೆ ತಿಂಡಿ ಇಲ್ಲದೆ ಬಂದ ಮಗುವಿಗೆ ಎರಡನೇ ಪೀರಿಯಡ್‌ನಲ್ಲಿ ಎಷ್ಟು ಗಮನ ಉಳಿದೀತು? ಕರ್ನಾಟಕದ ಶಾಲೆಗಳಲ್ಲಿ ಹಾಲು, ಬಿಸಿಯೂಟ, ಈಗ ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದನ್ನು ಬರೀ ಪೌಷ್ಟಿಕತೆಯ ಯೋಜನೆ ಎಂದು ನೋಡುತ್ತೇವೆ. ಅದು ಏಕಾಗ್ರತೆಯ ಯೋಜನೆಯೂ ಹೌದು. ನಿದ್ದೆಯ ಮಾತೂ ಹೀಗೇ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ವೈದ್ಯರು ಹೇಳುತ್ತಾರೆ. ನಸುಕಿನ ಟ್ಯೂಷನ್, ರಾತ್ರಿ ಟ್ಯೂಷನ್ ನಡುವೆ ಅದು ಎಲ್ಲಿಂದ ಬರಬೇಕು?

ಯಾರೂ ಮಾತಾಡದ ಮೂರನೇ ವಿಷಯ

ಇಷ್ಟು ಹೊತ್ತು ಗಮನವನ್ನು ಏನು ತಿನ್ನುತ್ತದೆ ಅನ್ನುವ ಮಾತಾಯಿತು. ಗಮನ ಬೆಳೆಯುವುದು ಹೇಗೆ? ಇದಕ್ಕೆ ಉತ್ತರ ಕೊಡುವ ದೊಡ್ಡ ಪ್ರಯೋಗ ನಡೆದಿರುವುದು ಭಾರತದಲ್ಲೇ, ಆದರೆ ನಮ್ಮ ಟಿವಿ ಚರ್ಚೆಗಳಲ್ಲಿ ಅದರ ಹೆಸರೇ ಕೇಳುವುದಿಲ್ಲ.

ಕ್ರಿಸ್ಟಿನಾ ಬ್ರೌನ್, ಸುಪ್ರೀತ್ ಕೌರ್, ಗೀತಾ ಕಿಂಗ್ಡನ್ ಮತ್ತು ಹೆದರ್ ಸ್ಕೋಫೀಲ್ಡ್ ಎಂಬ ಅರ್ಥಶಾಸ್ತ್ರಜ್ಞೆಯರು ಬಡ ಕುಟುಂಬಗಳ ಸುಮಾರು 1,600 ಪ್ರಾಥಮಿಕ ಶಾಲಾ ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿದರು. ಒಂದು ಗುಂಪಿಗೆ ಶಾಲೆಯ ಹೊತ್ತಿನಲ್ಲೇ ಒಂದಿಷ್ಟು ಸಮಯ ಎಡೆಬಿಡದೆ ಗಣಿತದ ಲೆಕ್ಕ ಬಿಡಿಸುವ ಅಭ್ಯಾಸ. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ತಲೆ ಓಡಿಸಬೇಕಾದ ಆಟಗಳು, ಅದರಲ್ಲಿ ಪಾಠದ ಸುದ್ದಿಯೇ ಇಲ್ಲ. ಮೂರನೆಯ ಗುಂಪಿಗೆ ಎಂದಿನಂತೆ ಶಾಲೆ. ಆಮೇಲೆ ಎಲ್ಲರಿಗೂ ಪರೀಕ್ಷೆ ಕೊಟ್ಟು, ಬರೀ ಒಟ್ಟು ಅಂಕ ನೋಡಲಿಲ್ಲ, ಪರೀಕ್ಷೆ ಮುಂದುವರಿದಂತೆ ಮಕ್ಕಳು ಎಷ್ಟು ದಣಿಯುತ್ತಾರೆ ಅನ್ನುವುದನ್ನು ಅಳೆದರು. ಕೊನೆಗೆ ಬರುವ ಪ್ರಶ್ನೆಗಳಲ್ಲಿ ಎಲ್ಲ ಮಕ್ಕಳೂ ಮೊದಲಿಗಿಂತ ಜಾಸ್ತಿ ತಪ್ಪು ಮಾಡುತ್ತಾರೆ. ಅಭ್ಯಾಸ ಸಿಕ್ಕ ಎರಡೂ ಗುಂಪುಗಳಲ್ಲಿ ಆ ಕುಸಿತ ಶೇ 22ರಷ್ಟು ಕಡಿಮೆಯಾಯಿತು. ಶಾಲೆಯ ಅಂಕಗಳೂ ಸ್ವಲ್ಪ ಏರಿದವು. ಭಾರಿ ಏರಿಕೆ ಅಲ್ಲ, ಆದರೆ ಎರಡೂ ಗುಂಪುಗಳಲ್ಲಿ ಏರಿತು. ಬರೀ ಆಟ ಆಡಿದವರಿಗೂ!

ಇದರ ಅರ್ಥ ನೋಡಿ. ಆ ಆಟಗಳಲ್ಲಿ ಭಾಷೆಯ ಪಾಠವೂ ಇರಲಿಲ್ಲ, ಗಣಿತವೂ ಇರಲಿಲ್ಲ. ಒಂದೇ ಕಡೆ ಕೂತು ಕಷ್ಟಪಟ್ಟು ಯೋಚಿಸುವ ಅಭ್ಯಾಸವೇ ಬೇರೆ ವಿಷಯಗಳ ಕಲಿಕೆಗೂ ನೆರವಾಯಿತು. ಅಂದರೆ ಗಮನ ಹುಟ್ಟುಗುಣವಲ್ಲ, ಬೆಳೆಸಿದರೆ ಬೆಳೆಯುತ್ತದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಅದೇ ಹೆಚ್ಚು ಮುಖ್ಯ ಅನಿಸುವುದು. ಬಡ ಮಕ್ಕಳು ಶ್ರೀಮಂತ ಮಕ್ಕಳಿಗಿಂತ ಬೇಗ ದಣಿಯುತ್ತಾರೆ, ಅವರು ಹೋಗುವ ಶಾಲೆಗಳಲ್ಲಿ ತಾವೇ ಕೂತು ಯೋಚಿಸುವ ಸಮಯವೂ ಕಡಿಮೆ. ಒಳ್ಳೆಯ ಶಾಲೆಯಲ್ಲಿ ಒಂದು ವರ್ಷ ಹೆಚ್ಚು ಓದಿದರೆ ಈ ಶಕ್ತಿ ಬೆಳೆಯುತ್ತದೆ, ಕಳಪೆ ಶಾಲೆಯಲ್ಲಿ ಒಂದು ವರ್ಷ ಹೆಚ್ಚು ಕೂತರೂ ಬೆಳೆಯುವುದಿಲ್ಲ. ಈಗ ಇಂಗ್ಲೆಂಡಿನ ಫೋನ್ ಅಧ್ಯಯನವನ್ನು ನೆನಪಿಸಿಕೊಳ್ಳಿ. ನಿಷೇಧದಿಂದ ಲಾಭವಾಗಿದ್ದು ಹಿಂದುಳಿದ ಮಕ್ಕಳಿಗೆ. ಚೆನ್ನಾಗಿ ಓದುವವರು ಫೋನ್ ಜೇಬಿನಲ್ಲಿದ್ದರೂ ತಡೆದುಕೊಳ್ಳಬಲ್ಲರು, ಬಹುಶಃ ಆ ಅಭ್ಯಾಸ ಅವರಿಗೆ ಮೊದಲೇ ಸಿಕ್ಕಿರುವುದರಿಂದ. ಹಾಗಾಗಿ ಫೋನಿನ ತೊಂದರೆ ಎಲ್ಲರಿಗೂ ಸಮಾನ ಅಲ್ಲ. ಅದು ಇರುವ ಅಸಮಾನತೆಯನ್ನೇ ಹಿಗ್ಗಿಸುತ್ತದೆ.

ನಮ್ಮ ತರಗತಿಯ ಒಂದು ಗಂಟೆ

ಒಂದು ಪೀರಿಯಡ್‌ನಲ್ಲಿ ಮಗು ತಾನೇ ಯೋಚಿಸುವ ಹೊತ್ತು ಎಷ್ಟು? ಹಾಜರಿ ಆಗಬೇಕು. ಬೋರ್ಡ್ ಮೇಲಿನದ್ದನ್ನು ಇಳಿಸಿಕೊಳ್ಳಬೇಕು. ನೋಟ್ಸ್ ಬರೆಸುತ್ತಾರೆ, ಗೈಡ್‌ನ ಉತ್ತರಕ್ಕೆ ಗೆರೆ ಎಳೆಸುತ್ತಾರೆ. ಕೈ ಓಡುತ್ತಿರುತ್ತದೆ, ತಲೆ ಅಲ್ಲ. ಕೊನೆಗೆ ಅದೇ ಮಗುವನ್ನು ಹತ್ತನೇ ಕ್ಲಾಸಿನಲ್ಲಿ ಒಮ್ಮೆಲೇ ಮೂರು ಗಂಟೆ ಒಬ್ಬಂಟಿಯಾಗಿ ಕೂರಿಸಿ, ಮೇಲೆ ಕ್ಯಾಮೆರಾ ಇಟ್ಟು, ಯೋಚಿಸಿ ಬರಿ ಅನ್ನುತ್ತೇವೆ.

ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ, ಆದರೆ ಸರಿಯಲ್ಲ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುವ ಕಡೆ ಒಂದು ಗುಂಪು ಪಾಠ ಕೇಳುವಾಗ ಉಳಿದವರು ಕಾಪಿ ಬರೆಯುತ್ತಿರಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಮೂಲ ಆಸೆ ಮಗು ತನ್ನ ವೇಗದಲ್ಲಿ ತಾನೇ ಚಟುವಟಿಕೆ ಮಾಡಲಿ ಅನ್ನುವುದಾಗಿತ್ತು. ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಅದೂ ನಿಂತುಹೋಗುತ್ತದೆ. ಮೇಲಿಂದ ಶಿಕ್ಷಕರಿಗೆ ಪಾಠ ಬಿಟ್ಟು ನೂರೆಂಟು ಕೆಲಸ. 2025ರ ದಸರಾ ರಜೆಯನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಎಳೆದದ್ದು ಯಾವ ಶಾಲೆಗಳಲ್ಲಿ? ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ. ಅಭ್ಯಾಸ ಅತಿ ಜಾಸ್ತಿ ಬೇಕಾದ ಮಕ್ಕಳು ಇರುವುದೂ ಅಲ್ಲೇ.

ಮುಂದೇನಾಗಬಹುದು

ಪಾಸ್ ಗೆರೆ ಇಳಿದರೆ ಫಲಿತಾಂಶ ಏರುವ ಕಡೆಗೇ ವಾಲುತ್ತದೆ. ಏರಿದಾಗ ಭಯ ಹೋಗಿದ್ದಕ್ಕೇ ಏರಿತು ಎಂದು ಒಬ್ಬರು, ಗುಣಮಟ್ಟ ಬಿತ್ತು ಎಂದು ಇನ್ನೊಬ್ಬರು ವಾದಿಸುತ್ತಾರೆ, ಎರಡನ್ನೂ ಆ ಅಂಕಿಯಿಂದ ಸಾಬೀತು ಮಾಡಲು ಆಗುವುದಿಲ್ಲ. ಸೋಷಿಯಲ್ ಮೀಡಿಯಾ ನಿಷೇಧ ಬಂದರೆ ಮನೆಯಲ್ಲಿ ದೊಡ್ಡವರ ಕಣ್ಣು ಇರುವ ಮಕ್ಕಳು ಅದರ ಲಾಭ ಪಡೆಯಬಹುದು. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಬೇರೆಯವರ ಖಾತೆಯಲ್ಲಿ ಅದೇ ನಡೆಯುತ್ತದೆ. ಎರಡೂ ಆದ ಮೇಲೂ ತರಗತಿಯ ಆ ಒಂದು ಗಂಟೆ ಹಾಗೇ ಇದ್ದರೆ, ಮಕ್ಕಳ ಯೋಚಿಸುವ ತಾಳ್ಮೆಯಲ್ಲಿ ಬದಲಾವಣೆ ಹುಡುಕುವುದು ವ್ಯರ್ಥ.

ಅಳೆದು ನೋಡಲು ಮನಸ್ಸಿದ್ದರೆ ದೊಡ್ಡ ಖರ್ಚೂ ಬೇಕಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ನಕಲು ತಡೆಯಲು ಪ್ರಶ್ನೆಪುಸ್ತಿಕೆಗಳನ್ನು ಬೇರೆ ಬೇರೆ ವರ್ಷನ್ ಮಾಡಿ ಪ್ರಶ್ನೆಗಳ ಕ್ರಮ ಬದಲಿಸಿರುತ್ತಾರೆ. ಅಂದರೆ ಅದೇ ಪ್ರಶ್ನೆ ಒಬ್ಬರಿಗೆ ಆರಂಭದಲ್ಲಿ, ಇನ್ನೊಬ್ಬರಿಗೆ ದಣಿದ ಮೇಲೆ ಬಂದಿರುತ್ತದೆ. ಸರ್ಕಾರಿ ಕಾಲೇಜಿನ ಮಕ್ಕಳು ಆ ಪ್ರಶ್ನೆಯನ್ನು ಕೊನೆಯಲ್ಲಿ ಎಷ್ಟು ತಪ್ಪಿದರು, ದುಬಾರಿ ಕಾಲೇಜಿನವರು ಎಷ್ಟು ತಪ್ಪಿದರು ಎಂದು ಹೋಲಿಸಿದರೆ ಸಾಕು, ಯಾರ ಗಮನ ಎಲ್ಲಿ ಕೈಕೊಡುತ್ತಿದೆ ಎಂದು ಕಾಣುತ್ತದೆ. ಹೊಸ ಸಮೀಕ್ಷೆ ಬೇಡ, ಹೊಸ ಪರೀಕ್ಷೆಯೂ ಬೇಡ. ಸ್ಕ್ಯಾನ್ ಮಾಡಿದ ಓಎಂಆರ್ ಹಾಳೆಗಳನ್ನು ಒಮ್ಮೆ ಈ ಕಣ್ಣಿನಿಂದ ತೆರೆದು ನೋಡಿದರಾಯಿತು.